ಹಳೆ ಪೆನ್ನಿ ನಾಣ್ಯಕ್ಕೆ ಬೆಲೆ ಕಟ್ಟಿಸಲು ಮುಂಬಯಿಯ ಫೋರ್ಟ್‌ನ ಬೋರ್ಡಿಲ್ಲದ ಅಂಗಡಿ

ಈ ಹಳೆ ನಾಣ್ಯದ ಅಂಗಡಿಗೆ ಬೋರ್ಡಿಲ್ಲ. ವಿ.ಟಿ. ಸ್ಟೇಷನ್ನಿನಲ್ಲಿ (ಈಗಿನ ಸಿ.ಎಸ್.ಎಂ.ಟಿ.) ಇಳಿದು ಟಂಕಸಾಲೆಯ ಕಡೆ ನಡೆದರೆ ಸಿಗುವ ಹಳೇ ಕಟ್ಟಡವೊಂದರ ಎರಡನೇ ಮಹಡಿ. ಕೆಳಗೆ ರಬ್ಬರ್ ಸ್ಟಾಂಪ್ ಮಾಡುವವರನ್ನು ಕೇಳಿದರೆ ಮೆಟ್ಟಿಲು ತೋರಿಸುತ್ತಾರೆ. ಒಳಗೊಂದು ಮೇಜು, ಬಾಗಿಸುವ ದೀಪ, ಗೋಡೆಯುದ್ದಕ್ಕೂ ಆಲ್ಬಮ್‌ಗಳು. ಕೂರುವವರು ಅರವತ್ತು ದಾಟಿದ ಗುಜರಾತಿ ಕಾಕಾ. ಮನೆಯಲ್ಲಿ ಹಳೆ ನಾಣ್ಯ ಇಟ್ಟುಕೊಂಡಿರುವ ಮುಂಬಯಿ ಕನ್ನಡಿಗರು ಬೇರೆಲ್ಲಿಗೂ ಹೋಗುವ ಮೊದಲು ಇಲ್ಲಿಗೆ ಹೋಗಬೇಕು ಅಂತ ನನಗನ್ನಿಸುತ್ತದೆ.

ನಮ್ಮ ಮಾವನವರು ಹಡಗಿನ ಕೆಲಸದಲ್ಲಿದ್ದವರು. ಲಿವರ್‌ಪೂಲ್, ಕಾರ್ಡಿಫ್ ಕಡೆಯಿಂದ ಜೇಬಿನಲ್ಲಿ ಉಳಿದು ಬಂದ ಪೆನ್ನಿ ಎಂಬ ಇಂಗ್ಲೆಂಡಿನ ಚಿಲ್ಲರೆ ನಾಣ್ಯಗಳನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಬಾಟಲಿ ಡೊಂಬಿವಲಿಯ ನಮ್ಮ ಮನೆಗೆ ಬಂತು. ಊರಿನ ಒಟ್ಟೆ ಮುಕ್ಕಾಲುಗಳೂ (ನಡುವೆ ತೂತಿರುವ ಹಳೆ ಕಾಸು) ಅದರಲ್ಲಿದ್ದವು. "ನೂರು ವರ್ಷದ್ದು, ಲಕ್ಷಕ್ಕೆ ಹೋಗುತ್ತದೆ" ಎಂದು ಮನೆಯವರೆಲ್ಲರ ನಂಬಿಕೆ. ಮೈದುನ ಫೋಟೊ ತೆಗೆದು ಆನ್‌ಲೈನ್‌ನಲ್ಲಿ ಹಾಕಿದ್ದೇ ತಡ, ಯಾರೋ ಫೋನ್ ಮಾಡಿ, ತಾನು ರಿಸರ್ವ್ ಬ್ಯಾಂಕ್ ಕಡೆಯವನು, ಮೊದಲು ನೋಂದಣಿ ಶುಲ್ಕ ಕಳಿಸಿ ಎಂದ. ಹಳೆ ನೋಟು, ನಾಣ್ಯಗಳ ವ್ಯವಹಾರದಲ್ಲಿ ತಾನಿಲ್ಲ, ಅದಕ್ಕೆ ಶುಲ್ಕವಾಗಲಿ ಕಮಿಷನ್ ಆಗಲಿ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿದೆ. ಅಂಥ ಫೋನ್ ಬಂದರೆ ಮಾತು ಬೆಳೆಸಬೇಡಿ, ಇಟ್ಟುಬಿಡಿ.

ಕಾಕಾ ಇಸವಿಯನ್ನು ಕೊನೆಗೆ ನೋಡುತ್ತಾರೆ. ಮೊದಲು ತೂಕ: ಇಂಗ್ಲೆಂಡಿನ ಕಂಚಿನ ಪೆನ್ನಿ ಸುಮಾರು 9.4 ಗ್ರಾಂ ಇರಬೇಕು. ಆಮೇಲೆ ಅಯಸ್ಕಾಂತ, ಕಂಚು ಅದಕ್ಕೆ ಅಂಟಬಾರದು. ನಂತರ ದೀಪದ ಕೆಳಗೆ ಓರೆಯಾಗಿ ಹಿಡಿದು ರಾಜನ ಕಿವಿಯ ಮೇಲಿನ ಕೂದಲು ಎಷ್ಟು ಸವೆದಿದೆ ಎಂದು ನೋಡುತ್ತಾರೆ. ಬೆಲೆ ಏಳುವುದೂ ಬೀಳುವುದೂ ಅಲ್ಲೇ. ಇಸವಿ ಹಳೆಯದಾದ ಮಾತ್ರಕ್ಕೆ ಏನೂ ಆಗುವುದಿಲ್ಲ. 1936ರ ಪೆನ್ನಿ 15 ಕೋಟಿಗೂ ಹೆಚ್ಚು ಅಚ್ಚಾಗಿದೆ, ಅದಕ್ಕೆ ಯಾರು ಮುಗಿಬೀಳುತ್ತಾರೆ? ಎಲ್ಲರೂ ಹುಡುಕುವ 1933ರದ್ದು ಅಚ್ಚಾದದ್ದೇ ಏಳು ನಾಣ್ಯದ ಆಸುಪಾಸು. 1951ರದ್ದು 1,20,000 ಮಾತ್ರ.

ನನಗೆ ತುಂಬ ಹಿಡಿಸಿದ್ದು ಅವರು ಭೂತಗನ್ನಡಿಯನ್ನು ನಮ್ಮ ಕೈಗೇ ಕೊಡುವ ರೀತಿ. ಐದನೇ ಜಾರ್ಜ್‌ನ ಒಂದು ಪೆನ್ನಿಯ ಹಿಂಬದಿಯಲ್ಲಿ, ಬ್ರಿಟನ್ನಿನ ಸಂಕೇತವಾದ ಬ್ರಿಟಾನಿಯಾ ದೇವಿ ಮಸುಕಾಗಿದ್ದಳು. ಸವೆದಿದೆ ಅಂತ ನಾನು ಪಕ್ಕಕ್ಕಿಟ್ಟೆ. "ನೋಡು ಬೆಹೆನ್, ಅವಳ ಹಿಂದೆ ಏನು ಕಾಣುತ್ತದೆ?" ಎಂದರು. ಕಣ್ಣು ಹೊಂದಿಕೊಂಡ ಮೇಲೆ ರಾಜನ ತಲೆಯ ಅಂಚು ನೆರಳಿನಂತೆ ಕಂಡಿತು. ಆ ಕಾಲದ ಅಚ್ಚಿನಲ್ಲಿ ರಾಜನ ಮುಖ ತೀರ ಉಬ್ಬಾಗಿದ್ದು, ಲೋಹವೆಲ್ಲ ಆ ಬದಿಗೆ ಎಳೆದುಕೊಂಡು ಈ ಬದಿ ಸರಿಯಾಗಿ ಮೂಡುತ್ತಿರಲಿಲ್ಲವಂತೆ. 1926ರಲ್ಲಿ ಮುಖವನ್ನು ತಿದ್ದಿದರು, 1928ರಲ್ಲಿ ತಲೆಯನ್ನೇ ಚಿಕ್ಕದು ಮಾಡಿದರು. ಇಷ್ಟು ತಿಳಿಯದವರು ಒಳ್ಳೆಯ ನಾಣ್ಯವನ್ನೇ ಸವೆದದ್ದೆಂದು ಕೊಟ್ಟುಬಿಡುತ್ತಾರೆ.

ಬಾಟಲಿಯಲ್ಲಿ ನಿಜಕ್ಕೂ ಬೆಲೆಯುಳ್ಳದ್ದು ಒಂದೇ ಸಿಕ್ಕಿತು. 1919ರ ಪೆನ್ನಿ, ಇಸವಿಯ ಎಡಕ್ಕೆ ಎಳ್ಳಿನಷ್ಟು ಚಿಕ್ಕ ಕೆ.ಎನ್. ಅಕ್ಷರಗಳು. ಬರ್ಮಿಂಗ್‌ಹ್ಯಾಮ್‌ನ ಕಿಂಗ್ಸ್ ನಾರ್ಟನ್ ಕಾರ್ಖಾನೆಯಲ್ಲಿ ಅಚ್ಚಾದ ಗುರುತು ಅದು. ಹೀಟನ್ ಕಾರ್ಖಾನೆಯದಾದರೆ ಎಚ್ ಇರುತ್ತದೆ. ಒಟ್ಟೆ ಮುಕ್ಕಾಲುಗಳನ್ನು ಒಂದೇ ನೋಟಕ್ಕೆ ಬದಿಗೆ ಸರಿಸಿದರು: 1943ರಿಂದ 1947ರವರೆಗೆ ರಾಶಿ ರಾಶಿ ಅಚ್ಚಾದವು, ಮೊಮ್ಮಕ್ಕಳಿಗೆ ಕೊಡಿ ಎಂದರು.

ನಮ್ಮ ಅತ್ತೆ ದೀಪಾವಳಿಯ ಲಕ್ಷ್ಮೀಪೂಜೆಗೆಂದು ಕೆಲವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿಸಿದ್ದರು. ಕಾಕಾ ಹಾಗೆ ತಿಕ್ಕಿದ್ದೊಂದನ್ನೂ ಅದೇ ಇಸವಿಯ ತಿಕ್ಕದ್ದೊಂದನ್ನೂ ಜೊತೆಗಿಟ್ಟು ದೀಪ ಬಾಗಿಸಿದರು. ಒಂದರಲ್ಲಿ ಚಾಕೊಲೇಟ್ ಬಣ್ಣ ಸಮನಾಗಿ ಕೂತಿತ್ತು; ಇನ್ನೊಂದು ಕೆಂಪು ಕೆಂಪಾಗಿ, ಮೈತುಂಬ ಸಣ್ಣ ಗೀರು. ಬೆಲೆಯಲ್ಲಿ ಅರ್ಧಕ್ಕರ್ಧ ವ್ಯತ್ಯಾಸ. ದಯವಿಟ್ಟು ಹಳೆ ನಾಣ್ಯವನ್ನು ಉಜ್ಜಬೇಡಿ. ಹುಣಸೆ, ನಿಂಬೆ, ಪೀತಾಂಬರಿ ಪುಡಿ ಯಾವುದೂ ಬೇಡ.

ನಾನು ಕೂತಿದ್ದಾಗ ಒಬ್ಬರು ಹತ್ತಿಯಲ್ಲಿ ಸುತ್ತಿ ರಾಮ ದರ್ಬಾರಿನ ಚಿತ್ರವಿದ್ದ, 1818ರದ್ದೆನ್ನುವ ಕಂಪನಿ ನಾಣ್ಯ ತಂದರು. ಈಸ್ಟ್ ಇಂಡಿಯಾ ಕಂಪನಿ ಅಂಥದ್ದನ್ನು ಹೊರಡಿಸಿಯೇ ಇಲ್ಲ, ಪೂಜೆಗಿಟ್ಟುಕೊಳ್ಳಿ ಎಂದು ಕಾಕಾ ಹೇಳಿ, ಅವರಿಗೆ ಚಹಾ ತರಿಸಿದರು. ಒಂದು ಪೈಸೆ ಕೇಳಲಿಲ್ಲ.

ಅವರು ಪ್ರತಿ ನಾಣ್ಯವನ್ನೂ ರಟ್ಟಿನ ಚೌಕದಲ್ಲಿಟ್ಟು ಅದರ ಮೇಲೆ ಪೆನ್ಸಿಲಿನಲ್ಲಿ ಎರಡು ಬೆಲೆ ಬರೆಯುತ್ತಾರೆ: ತಾನು ಕೊಳ್ಳುವುದು ಎಷ್ಟಕ್ಕೆ, ಮಾರುವುದು ಎಷ್ಟಕ್ಕೆ. ಈ ವ್ಯಾಪಾರದಲ್ಲಿ ಎರಡನ್ನೂ ಬಾಯಿಬಿಟ್ಟು ಹೇಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಾಮಾನ್ಯ ಪೆನ್ನಿಗೆ ನಲವತ್ತು ರೂಪಾಯಿ ಕೊಟ್ಟು ಎಂಬತ್ತಕ್ಕೆ ಮಾರುತ್ತಾರೆ. ಕೆ.ಎನ್. ಇರುವುದಕ್ಕೆ ಐನೂರು ಹೇಳಿದರು. ಇಂಗ್ಲೆಂಡಿನಲ್ಲಾದರೆ ಇನ್ನೂ ಹೆಚ್ಚು ಬರುತ್ತದೆ, ಇಲ್ಲಿ ಪೆನ್ನಿ ಕೂಡಿಡುವವರು ಕಡಿಮೆ ಎಂದು ತಾವಾಗಿಯೇ ಸೇರಿಸಿದರು. ಅದನ್ನು ಮಾರದೆ ಮನೆಗೆ ತಂದೆ.

ಕೊರತೆಗಳೂ ಇವೆ. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದಾಗಿದೆ, ಹಿರಿಯರಿಗೆ ಕಷ್ಟ. ವಾಟ್ಸಾಪ್ ಫೋಟೊ ನೋಡಿ ಬೆಲೆ ಹೇಳುವುದಿಲ್ಲ. ಲಿಖಿತ ಮೌಲ್ಯಮಾಪನ ಬೇಕೆಂದರೆ ಶುಲ್ಕವಿದೆ, ಅದಕ್ಕೆ ವಾರಗಟ್ಟಲೆ ಕಾಯಿಸುತ್ತಾರೆ. ಪುಣೆಯ ಜೂನಾ ಬಜಾರ್‌ನಲ್ಲಿ ಬುಧವಾರ, ಭಾನುವಾರ ಇದಕ್ಕಿಂತ ಹೆಚ್ಚು ನಾಣ್ಯ ನೋಡಲು ಸಿಗುತ್ತವೆ, ಆದರೆ ಅಲ್ಲಿ ಗೊತ್ತಿದ್ದವರಿಗಷ್ಟೇ ಲಾಭ. ಮೊದಲು ಕಾಕಾ ಹತ್ತಿರ ಕಲಿತು ಆಮೇಲೆ ಅಲ್ಲಿಗೆ ಹೋಗಿ.

ಶನಿವಾರ ಗಿರಾಕಿಗಳು ತುಂಬಿರುತ್ತಾರೆ. ವಾರದ ನಡುವೆ ಹನ್ನೊಂದರ ಹೊತ್ತಿಗೆ ಹೋದರೆ ಅವರಿಗೂ ಬಿಡುವು. ನಾಣ್ಯಗಳನ್ನು ಒಂದಕ್ಕೊಂದು ತಾಗದಂತೆ ಕಾಗದದಲ್ಲಿ ಬೇರೆಬೇರೆ ಸುತ್ತಿ ಒಯ್ಯಿರಿ.