ಹಿಮ್ಮಡಿ ನೋವಿಗೆ ಯಾವ ಗಾಲ್ಫ್ ಶೂ: ಸ್ಪೈಕ್ ಇರುವುದಾ, ಇಲ್ಲದ್ದಾ?

ಗಾಲ್ಫ್ ಶೂ ಕೊಳ್ಳುವಾಗ ಎಲ್ಲರೂ ಮೊದಲು ನೋಡುವುದು ಹಿಡಿತ. ಹಿಮ್ಮಡಿ ನೋವಿದ್ದವರು ಇನ್ನೊಂದನ್ನೂ ನೋಡಬೇಕು. ಶೂ ನೆಲವನ್ನು ಬಿಗಿಯಾಗಿ ಕಚ್ಚಿಕೊಂಡರೆ, ಸ್ವಿಂಗ್‌ನಲ್ಲಿ, ಅಂದರೆ ಚೆಂಡು ಹೊಡೆಯಲು ಕ್ಲಬ್ ಬೀಸುವಾಗ, ಮೈ ತಿರುಗುವ ರಭಸವನ್ನು ತಡೆದುಕೊಳ್ಳುವುದು ಯಾವುದು? ಪಾದ, ಕಣಕಾಲು, ಮೊಣಕಾಲು.

ನಾನು ಬಲಗೈ ಆಟ. ಎಡ ಹಿಮ್ಮಡಿಯಲ್ಲಿ ಪ್ಲಾಂಟರ್ ಫ್ಯಾಸಿಯೈಟಿಸ್ ಇದೆ, ಅಂದರೆ ಹಿಮ್ಮಡಿಯಿಂದ ಬೆರಳುಗಳ ಕಡೆಗೆ ಹೋಗುವ ಅಂಗಾಲಿನ ಪಟ್ಟಿಯ ನೋವು. ಬೆಳಿಗ್ಗೆ ಎದ್ದು ಇಡುವ ಮೊದಲ ಹೆಜ್ಜೆಗೇ ಅಂಗಾಲಿನ ಹಿಂಭಾಗದಲ್ಲಿ ಮುಳ್ಳು ಚುಚ್ಚಿದ ಹಾಗೆ ಆಗುತ್ತದೆ. ಹಾಗಾಗಿ ಎರಡೂ ಬಗೆಯ ಶೂ ಹಾಕಿಕೊಂಡು, ಒಂದೇ ಕೋರ್ಸ್‌ನಲ್ಲಿ ನಡೆದೇ ಆಡಿ ನೋಡಿದೆ.

ಗಾಲ್ಫ್‌ನಲ್ಲಿ ಎರಡು ಪಾದಗಳ ಕೆಲಸ ಬೇರೆ ಬೇರೆ. ಬಲಗೈ ಆಟದವರ ಲೆಕ್ಕದಲ್ಲಿ ಹೇಳುತ್ತೇನೆ. ಚೆಂಡು ಹೊಡೆದು ಸ್ವಿಂಗ್ ಮುಗಿಯುವ ಹೊತ್ತಿಗೆ ಭಾರವೆಲ್ಲ ಎಡ ಪಾದದ ಹೊರ ಅಂಚಿಗೆ, ಹಿಮ್ಮಡಿ ಕಡೆಗೆ ಹೊರಳಿರುತ್ತದೆ. ಬಲ ಪಾದ ಒಳಕ್ಕೆ ಹೊರಳಿ, ಬೆರಳುಗಳ ಮೇಲೆ ನಿಂತಿರುತ್ತದೆ. ಅದರ ಹೆಬ್ಬೆರಳ ಬುಡ ಚೆನ್ನಾಗಿ ಬಾಗಿರುತ್ತದೆ. ಎಡಗಾಲಿಗೆ ಕಣಕಾಲಿನ ಹೊರಬದಿಯ ಉಳುಕು, ಬಲಗಾಲಿಗೆ ಹೆಬ್ಬೆರಳ ಕೀಲಿನ ನೋವು ಬರುವುದು ಇದರಿಂದಲೇ.

ಮೊದಲು ಸ್ಪೈಕ್ ಶೂ, ಅಂದರೆ ಅಡಿಯಲ್ಲಿ ಮೊಳೆಯಂಥ ಮುಳ್ಳುಗಳಿರುವುದು. ಈಗಿನವು ಹೆಚ್ಚಾಗಿ ಲೋಹದ್ದಲ್ಲ, 1990ರ ದಶಕದಲ್ಲಿ ಬಂದ ಮೆತ್ತನೆ ಪ್ಲಾಸ್ಟಿಕ್ ಸ್ಪೈಕ್. ಇಬ್ಬನಿ ಬಿದ್ದ ಹುಲ್ಲು, ಇಳಿಜಾರು, ಡ್ರೈವರ್ (ತುಂಬಾ ದೂರಕ್ಕೆ ಹೊಡೆಯುವ ಕ್ಲಬ್) ಹೊಡೆತ: ಇಲ್ಲಿ ಇದರ ಮುಂದೆ ಇನ್ನೊಂದಿಲ್ಲ. ಕಾಲು ಜಾರಿದರೆ ಕಣಕಾಲೇ ಉಳುಕಬಹುದು, ಅದನ್ನು ಮರೆಯಬಾರದು. ಆದರೆ ಗಟ್ಟಿ ನೆಲದ ಮೇಲೆ ನಡೆಯುವಾಗ ಒಂದೊಂದು ಸ್ಪೈಕೂ ಅಂಗಾಲಿಗೆ ಒತ್ತುವುದು ಗೊತ್ತಾಗುತ್ತದೆ. ಬೆರಳುಗಳ ಬುಡದಲ್ಲಿ ನರದ ನೋವು ಇರುವವರಿಗೆ ಇದು ಇನ್ನೂ ಜಾಸ್ತಿ ಕಾಡೀತು.

ಸ್ಪೈಕ್ ಇಲ್ಲದ, ಅಂದರೆ ಸ್ಪೈಕ್‌ಲೆಸ್ ಶೂ 2010ರ ಮಾಸ್ಟರ್ಸ್ ಟೂರ್ನಿಯಲ್ಲಿ ಅಮೆರಿಕದ ಆಟಗಾರ ಫ್ರೆಡ್ ಕಪಲ್ಸ್ ಹಾಕಿಕೊಂಡು ಆಡಿದ ಮೇಲೆ ಎಲ್ಲರ ಕಣ್ಣಿಗೆ ಬಿತ್ತು. ಒಣ ನೆಲದಲ್ಲಿ ನನಗೆ ಹಿಡಿತ ಕಡಿಮೆ ಅನ್ನಿಸಲೇ ಇಲ್ಲ. ಹೊಡೆತದ ಕೊನೆಯಲ್ಲಿ ಎಡ ಪಾದ ಚೂರು ತಿರುಗಲು ಬಿಡುತ್ತದೆ, ಮೊಣಕಾಲಿಗೆ ಅದು ಹಿತ. ನಿಜವಾದ ಲಾಭ ಸಿಕ್ಕಿದ್ದು ನಡಿಗೆಯಲ್ಲಿ. 18 ಹೋಲ್, ಅಂದರೆ ಒಂದು ಪೂರ್ತಿ ಸುತ್ತು, ನಡೆದರೆ ಸುಮಾರು 8ರಿಂದ 10 ಕಿಲೋಮೀಟರ್ ಆಗುತ್ತದೆ. ಜೋರು ಸ್ವಿಂಗ್‌ಗಳು ಹತ್ತಾರು ಅಷ್ಟೇ, ಹೆಜ್ಜೆಗಳು ಸಾವಿರಾರು. ಅಂಗಾಲಿನ ಪಟ್ಟಿ ಪ್ರತಿ ಹೆಜ್ಜೆಗೂ ಎಳೆಯುತ್ತದೆ, ಅಲ್ವಾ? ಟೈಗರ್ ವುಡ್ಸ್ 2022ರ ಕೊನೆಯಲ್ಲಿ ಇದೇ ಕಾಯಿಲೆಯಿಂದ ಟೂರ್ನಿ ಬಿಟ್ಟಾಗ, ಚೆಂಡು ಹೊಡೆಯಬಲ್ಲೆ, ನಡೆಯಲಾರೆ ಅಂತಲೇ ಹೇಳಿದ್ದರು. 2023ರ ಮಾಸ್ಟರ್ಸ್‌ನಲ್ಲೂ ಅದೇ ನೋವಿನಿಂದ ಆಟ ಅರ್ಧಕ್ಕೆ ನಿಲ್ಲಿಸಿದರು.

ಆದರೆ ಎಲ್ಲ ಸ್ಪೈಕ್‌ಲೆಸ್ಸೂ ಒಂದೇ ಅಲ್ಲ. ಅಂಗಡಿಯಲ್ಲೇ ಹಿಮ್ಮಡಿ ಒಂದು ಕೈಯಲ್ಲಿ, ಮೂತಿ ಇನ್ನೊಂದು ಕೈಯಲ್ಲಿ ಹಿಡಿದು ಬಟ್ಟೆ ಹಿಂಡಿದಂತೆ ತಿರುಚಿ. ನಡು ಸುಲಭವಾಗಿ ತಿರುಚಿಕೊಂಡರೆ ವಾಪಸ್ ಇಡಿ. ಬಾಗಿಸಿದರೆ ಬೆರಳುಗಳ ಬುಡದಲ್ಲಿ ಮಾತ್ರ ಮಡಚಬೇಕು, ನಡುವಿನಲ್ಲಿ ಅಲ್ಲ. ತೀರಾ ಮೆತ್ತನೆಯದು ಕೊಂಡರೆ ಹಿಮ್ಮಡಿಗೆ ಸ್ಪೈಕ್ ಶೂಗಿಂತ ಜಾಸ್ತಿ ತೊಂದರೆ.

ಶೂ ಜೊತೆಗೆ ನಿಲುವನ್ನೂ ಬದಲಿಸಿ ನೋಡಿದೆ. ಎಡ ಪಾದವನ್ನು ನೇರ ಇಟ್ಟು ಸ್ಪೈಕ್ ಶೂನಲ್ಲಿ ಆಡಿದರೆ ಕಣಕಾಲಿನ ಹೊರಬದಿ ಎಳೆಯುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಹಿಂದಿನ ಕಾಲದ ಚಾಂಪಿಯನ್ ಬೆನ್ ಹೋಗನ್ ಹೇಳಿದಂತೆ ಎಡ ಪಾದವನ್ನು ಸುಮಾರು 22 ಡಿಗ್ರಿ ಹೊರಕ್ಕೆ ತಿರುಗಿಸಿ ನಿಂತಾಗ, ಸ್ವಿಂಗ್‌ನ ಮಟ್ಟಿಗೆ ಎರಡು ಶೂಗಳ ನಡುವಿನ ಅಂತರ ಹೆಚ್ಚೂಕಡಿಮೆ ಮಾಯವಾಯಿತು. ಬ್ಯಾಕ್‌ಸ್ವಿಂಗ್ (ಹೊಡೆಯುವ ಮೊದಲು ಕ್ಲಬ್ ಹಿಂದಕ್ಕೆ ಎತ್ತುವುದು) ಮಾತ್ರ ಸ್ವಲ್ಪ ಮೊಟಕಾಗುತ್ತದೆ. ಅದಕ್ಕೆ ಎಡ ಹಿಮ್ಮಡಿಯನ್ನು ನೆಲದಿಂದ ಎತ್ತಬಹುದು, ಇನ್ನೊಬ್ಬ ಹಿಂದಿನ ಚಾಂಪಿಯನ್ ಜ್ಯಾಕ್ ನಿಕ್ಲಾಸ್ ಹಾಗೇ ಆಡುತ್ತಿದ್ದರು.

ನನ್ನ ಆಯ್ಕೆ: ಒಣ ಕೋರ್ಸ್‌ಗೆ ನಡು ಗಟ್ಟಿಯಿರುವ ಸ್ಪೈಕ್‌ಲೆಸ್, ಮಳೆಗೂ ಏರಿಳಿತಕ್ಕೂ ಸ್ಪೈಕ್. ನಿಮ್ಮ ನೋವು ಹಿಮ್ಮಡಿಯದ್ದಲ್ಲ, ಬಲ ಹೆಬ್ಬೆರಳ ಕೀಲಿನದ್ದಾದರೆ ಸ್ಪೈಕ್ ಇದೆಯೋ ಇಲ್ಲವೋ ಎಂಬುದು ಅಷ್ಟು ಮುಖ್ಯವಲ್ಲ. ಮುಂಭಾಗವೂ ಹೆಚ್ಚು ಮಡಚದ, ಬೆರಳಿಗೆ ಜಾಗ ಬಿಡುವ ಶೂ ಹುಡುಕಿ.