ಹೀಟ್ ಪಂಪ್ ಕೊಳ್ಳುವ ಮುನ್ನ ಮೈನಸ್ 15ರ ಲೆಕ್ಕ ಕೇಳಿ

ಅಮೆರಿಕದ ಮಿನಿಯಾಪೊಲಿಸ್ ಹತ್ತಿರ ಕನ್ನಡದವರೊಬ್ಬರ ಮನೆಯಲ್ಲಿ, ಮನೆ ಕಾಯಿಸುವ ಗ್ಯಾಸ್ ಫರ್ನೇಸ್ ಕಿತ್ತು 3 ಟನ್‌ನ ಹೀಟ್ ಪಂಪ್ (ಹೊರಗಿನ ಗಾಳಿಯಿಂದ ಶಾಖ ಎಳೆದು ಒಳಗೆ ತರುವ ಕರೆಂಟಿನ ಯಂತ್ರ) ಕೂರಿಸಿದರು. ಜನವರಿಯ ಚಳಿ ಶುರುವಾದ ಮೇಲೆ ಥರ್ಮೋಸ್ಟಾಟ್ ಮೇಲಿನ ‘ಆಕ್ಸ್ ಹೀಟ್’ ಆರಲೇ ಇಲ್ಲ. ಅಂದರೆ ಡಕ್ಟ್ ಒಳಗಿನ 10 ಕಿಲೋವ್ಯಾಟ್ ಹೀಟರ್ ಕಾಯಿಲ್ ಉರಿಯುತ್ತಿದೆ ಎಂದರ್ಥ. ಅದು ದಿನವಿಡೀ ಉರಿದರೆ 240 ಯೂನಿಟ್. ಯೂನಿಟ್‌ಗೆ 15 ಸೆಂಟ್ ಹಿಡಿದರೂ ದಿನಕ್ಕೆ 36 ಡಾಲರ್.

ಯಂತ್ರ ಕೆಟ್ಟಿರಲಿಲ್ಲ, ಮಾರುವಾಗ ತೋರಿಸಿದ ಲೆಕ್ಕವೇ ಅರೆಬರೆ. 3 ಟನ್ ಎಂದರೆ ಗಂಟೆಗೆ 36,000 ಬಿಟಿಯು (ಶಾಖದ ಅಳತೆ) ಎನ್ನುವುದು ಹೊರಗೆ 8 ಡಿಗ್ರಿ ಸೆಲ್ಸಿಯಸ್, ಅಂದರೆ 47 ಫ್ಯಾರನ್‌ಹೀಟ್ ಇದ್ದಾಗಿನ ಮಾತು. ಸಾಧಾರಣ ಮಾಡೆಲ್‌ಗಳು ಮೈನಸ್ 15 ಹೊತ್ತಿಗೆ ಅದರ ಅರ್ಧದ ಆಸುಪಾಸಿಗೆ ಇಳಿಯುತ್ತವೆ. ಮನೆಗೆ ಬೇಕಾದ ಶಾಖವೋ ಏರುತ್ತಲೇ ಇರುತ್ತದೆ. ಆ ಕೊರತೆಯನ್ನು ಕಾಯಿಲ್ ತುಂಬುತ್ತದೆ, ಒಂದು ಯೂನಿಟ್ ಕರೆಂಟಿಗೆ ಒಂದೇ ಯೂನಿಟ್ ಶಾಖದಂತೆ.

ಕೊಟೇಶನ್‌ನಲ್ಲಿ ಮೈನಸ್ 15ರಲ್ಲಿ, ಅಂದರೆ 5 ಫ್ಯಾರನ್‌ಹೀಟ್‌ನಲ್ಲಿ, ಎಷ್ಟು ಬಿಟಿಯು, ಸಿಒಪಿ (ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ ಎನ್ನುವ ಲೆಕ್ಕ) ಎಷ್ಟು ಎಂದು ಬರೆಸಿಕೊಳ್ಳಿ. ಕರೆಂಟ್ ಉಳಿಸುವ ಯಂತ್ರಗಳಿಗೆ ಕೊಡುವ ಎನರ್ಜಿ ಸ್ಟಾರ್‌ನ ಕೋಲ್ಡ್ ಕ್ಲೈಮೇಟ್ ಗುರುತಿಗೆ ಅಲ್ಲಿ ಸಿಒಪಿ ಕನಿಷ್ಠ 1.75 ಇರಬೇಕು, 47ರಲ್ಲಿ ಕೊಡುವ ಶಾಖದ ಶೇ. 70ರಷ್ಟಾದರೂ ಬರಬೇಕು. ಮನೆಗೆ ಎಷ್ಟು ಶಾಖ ಬೇಕೆಂದು ಹೇಳುವ ಮ್ಯಾನುಯಲ್ ಜೆ ಲೆಕ್ಕ ಹಾಕದೆ, ಹಳೇ ಫರ್ನೇಸಿನ ಸ್ಟಿಕರ್ ನೋಡಿ ಟನ್ ಹೇಳುವವರನ್ನು ಬಾಗಿಲಿಂದಲೇ ಕಳಿಸಿ.

ಇನ್ನು ಉಳಿತಾಯ. ಗ್ಯಾಸ್ ಥರ್ಮ್‌ಗೆ (ಗ್ಯಾಸ್ ಬಿಲ್ಲಿನ ಅಳತೆ) 1 ಡಾಲರ್, ಫರ್ನೇಸಿನ ದಕ್ಷತೆ ಶೇ. 95 ಇದ್ದರೆ ಒಂದು ಯೂನಿಟ್ ಶಾಖಕ್ಕೆ 3.6 ಸೆಂಟ್ ಬೀಳುತ್ತದೆ. 15 ಸೆಂಟಿನ ಕರೆಂಟಿನಲ್ಲಿ ಅದನ್ನು ಸರಿಗಟ್ಟಲು ಸಿಒಪಿ 4 ದಾಟಬೇಕು. ಕೊರೆಯುವ ಚಳಿಯಲ್ಲಿ ಅದು ಆಗದ ಮಾತು. ಗ್ಯಾಸ್ ಲೈನ್ ಇರುವವರು ದಯವಿಟ್ಟು ಫರ್ನೇಸ್ ಕೀಳಿಸಬೇಡಿ, ಎರಡನ್ನೂ ಜೋಡಿಸಿ. ಪ್ರೊಪೇನ್‌ಗೆ ಗ್ಯಾಲನ್‌ಗೆ 2.50 ಡಾಲರ್ ತೆರುವ ಮನೆಗಳ ಲೆಕ್ಕವೇ ಬೇರೆ: ಸಿಒಪಿ 1.6 ಸಿಕ್ಕರೂ ಹೀಟ್ ಪಂಪೇ ಅಗ್ಗ. ಫೆಡರಲ್ ಸರ್ಕಾರದ 2,000 ಡಾಲರ್‌ವರೆಗಿನ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೇ ಮುಗಿದಿದೆ. ಅದನ್ನು ಕಳೆದು ಬೆಲೆ ತೋರಿಸಿದರೆ ನಂಬಬೇಡಿ.

ಆ ಮನೆಯಲ್ಲಿ ಇನ್ನೊಂದು ಎಡವಟ್ಟೂ ಇತ್ತು. ಹೊರಗಿನ ಪೆಟ್ಟಿಗೆಯನ್ನು ನೆಲದ ಸ್ಲ್ಯಾಬ್ ಮೇಲೇ ಇಟ್ಟಿದ್ದರು. ಡಿಫ್ರಾಸ್ಟ್ ಆದಾಗ, ಅಂದರೆ ಯಂತ್ರ ತನ್ನ ಮೇಲೆ ಕಟ್ಟಿದ ಹಿಮ ಕರಗಿಸಿಕೊಂಡಾಗ, ಇಳಿದ ನೀರು ತಳದಲ್ಲೇ ಹೆಪ್ಪುಗಟ್ಟಿ, ಮಂಜುಗಡ್ಡೆ ಫ್ಯಾನಿನ ರೆಕ್ಕೆಗೆ ಕರಕರ ಉಜ್ಜುತ್ತಿತ್ತು. ಒಂದೂವರೆ ಅಡಿ ಎತ್ತರದ ಸ್ಟ್ಯಾಂಡ್ ಹಾಕಿಸಿ, ಹಿಮ ಹೆಚ್ಚು ಬೀಳುವ ಕಡೆ ಇನ್ನೂ ಎತ್ತರ.

ಈಗಾಗಲೇ ಹಾಕಿಸಿದವರು ರಾತ್ರಿ ಥರ್ಮೋಸ್ಟಾಟ್ ತೀರಾ ಇಳಿಸಬೇಡಿ. ಬೆಳಿಗ್ಗೆ ಒಮ್ಮೆಲೇ ಏರಿಸಿದರೆ ಕಾಯಿಲ್ ಹೊತ್ತಿಕೊಳ್ಳುತ್ತದೆ. ಚಳಿ ತಡೆಯಲಾಗದೆ ‘ಎಮರ್ಜೆನ್ಸಿ ಹೀಟ್’ ಒತ್ತಲೂಬೇಡಿ: ಕಂಪ್ರೆಸರ್ ಪೂರ್ತಿ ನಿಂತು, ಇಡೀ ಮನೆಯನ್ನು ಕಾಯಿಲ್ ಒಂದೇ ಕಾಯಿಸಬೇಕಾಗುತ್ತದೆ.