ಲುಸಿಟಾನೊ, ಆಂಡಲೂಸಿಯನ್, ಲಿಪಿಜಾನರ್: ಮೂರು ಕುದುರೆ ತಳಿಗಳ ಬೆನ್ನಿನ ಮೇಲಿಂದ ಕಂಡದ್ದು

ನಾನು ಕುದುರೆ ಸವಾರಿ ಕಲಿತದ್ದು ಬೆಂಗಳೂರಿನಲ್ಲಿ, ಮೂವತ್ತು ದಾಟಿದ ಮೇಲೆ, ರೇಸಿನಿಂದ ನಿವೃತ್ತವಾದ ಥರೋಬ್ರೆಡ್‌ಗಳ ಬೆನ್ನಿನ ಮೇಲೆ. ಲಗಾಮು ಸಡಿಲವಾಯಿತೆಂದರೆ ಓಡಬೇಕು ಎಂಬುದೊಂದೇ ಪಾಠ ಆ ಬಡಪಾಯಿಗಳಿಗೆ ಗೊತ್ತಿತ್ತು. ಉದ್ಯೋಗದ ನಿಮಿತ್ತ ಲಿಸ್ಬನ್ನಿಗೆ ಬಂದ ಮೇಲೆ ಮೂರು ವರ್ಷ ಲುಸಿಟಾನೊ ಕುದುರೆಗಳ ಮೇಲೆ ಅಭ್ಯಾಸ ಮಾಡಿದೆ. ನಡುವೆ ಒಂದು ವಾರ ಸ್ಪೇನಿನ ಹೆರೆಸ್ ಬಳಿಯ ಖಾಸಗಿ ಲಾಯವೊಂದರಲ್ಲಿ ಆಂಡಲೂಸಿಯನ್ ಕುದುರೆಗಳನ್ನೂ, ಹತ್ತು ದಿನ ಸ್ಲೊವೇನಿಯಾದ ಲಿಪಿತ್ಸಾದಲ್ಲಿ ಲಿಪಿಜಾನರ್ ಕುದುರೆಗಳನ್ನೂ ಏರಿದೆ. ಇದು ವಾರಾಂತ್ಯದ ಸವಾರನೊಬ್ಬನ ಹೋಲಿಕೆಯೇ ಹೊರತು ಪಂಡಿತನ ತೀರ್ಪಲ್ಲ.

ಮೂರಕ್ಕೂ ಬೇರು ಒಂದೇ, ಐಬೀರಿಯಾ ಪರ್ಯಾಯದ್ವೀಪದ ಹಳೆಯ ಕುದುರೆ. ಲುಸಿಟಾನೊ ಮತ್ತು ಆಂಡಲೂಸಿಯನ್ ಎಂಬ ಭೇದ ವಂಶಾವಳಿ ಪುಸ್ತಕದ ಮಟ್ಟಿಗೆ ಗಟ್ಟಿಯಾದದ್ದು 1960ರ ದಶಕದಲ್ಲಿ, ಪೋರ್ಚುಗಲ್ ತನ್ನ ಕುದುರೆಗೆ ರೋಮನ್ನರ ಲುಸಿಟಾನಿಯಾ ಪ್ರಾಂತದ ಹೆಸರಿಟ್ಟು ಪ್ರತ್ಯೇಕ ದಾಖಲೆ ಇಡತೊಡಗಿದಾಗ. ಆದರೆ ಎರಡೂ ಕಡೆಯ ಕುದುರೆಗಳ ಸ್ವಭಾವ ಬೇರೆಯಾಗಿದ್ದು ಅದಕ್ಕೂ ಬಹಳ ಮೊದಲು. ಸ್ಪೇನಿನಲ್ಲಿ 18ನೆಯ ಶತಮಾನದಲ್ಲಿ ಗೂಳಿಕಾಳಗ ಕುದುರೆಯ ಬೆನ್ನಿನಿಂದ ನೆಲಕ್ಕಿಳಿದು ಕಾಲಾಳಿನ ಪಾಲಾಯಿತು. ಪೋರ್ಚುಗಲ್ಲಿನಲ್ಲಿ ಸವಾರನೇ ಗೂಳಿಯನ್ನು ಎದುರಿಸುವ ಪದ್ಧತಿ ಉಳಿಯಿತು. ಗೂಳಿಯ ಕೊಂಬು ಒಂದು ಗೇಣು ದೂರಕ್ಕೆ ಬಂದಾಗ ಹೌಹಾರದೆ, ಸವಾರನ ಸೊಂಟ ಹೇಳಿದ ದಿಕ್ಕಿಗೆ ತಕ್ಷಣ ಹೊರಳುವ ಕುದುರೆಯೇ ಅಲ್ಲಿ ಮುಂದಿನ ತಲೆಮಾರಿಗೆ ತಂದೆಯಾಗುತ್ತ ಬಂದಿತು. ಈ ಕ್ರೀಡೆಯ ಬಗ್ಗೆ ನನಗೆ ಒಲವಿಲ್ಲ, ಆದರೆ ಅದರ ಫಲವನ್ನು ಜೀನಿನ ಮೇಲೆ ಕೂತು ಉಂಡವನಾಗಿ ಅಲ್ಲಗಳೆಯುವುದೂ ಸರಿಯಲ್ಲ.

ಆ ಫಲ ಎಂಥದೆಂಬುದು ನನಗೆ ತಿಳಿದದ್ದು ಎರಡನೆಯ ಪಾಠದಲ್ಲಿ. ಅಂಗಳದ ಮೂಲೆಯಲ್ಲಿ ಯಾರೋ ಬಾಗಿಲು ತೆಗೆದ ಸದ್ದಾಯಿತೆಂದು ಎಡಕ್ಕೆ ತಲೆ ಹೊರಳಿಸಿದೆ. ತಲೆಯೊಡನೆ ಭುಜ, ಭುಜದೊಡನೆ ಸೊಂಟ ಒಂದಂಗುಲ ತಿರುಗಿರಬೇಕು. ಕುದುರೆ ನೇರ ದಾರಿ ಬಿಟ್ಟು ನಿಶ್ಶಬ್ದವಾಗಿ ಎಡಕ್ಕೆ ಹೋಗಿ ಬಾಗಿಲ ಮುಂದೆ ನಿಂತಿತು. ನಾನು ಲಗಾಮು ಮುಟ್ಟಿಯೇ ಇರಲಿಲ್ಲ. ಕಲಿಸುವವರು ನಕ್ಕು, ನೀವು ಕೇಳಿದ್ದನ್ನೇ ಅದು ಮಾಡಿತಲ್ಲ ಎಂದರು. ಹುಬ್ಬಿನಿಂದ ಮೂಗಿನವರೆಗೆ ಸ್ವಲ್ಪ ಉಬ್ಬಿದ ಮುಖ, ಕಮಾನಿನಂಥ ದಪ್ಪ ಕತ್ತು, ಗಿಡ್ಡ ಬೆನ್ನು, ಇಳಿಜಾರಾದ ಹಿಂಭಾಗ, ಕೆಳಗೆ ಕೂತ ಬಾಲ: ಈ ಮೈಕಟ್ಟಿನಿಂದಾಗಿ ಹಿಂಗಾಲುಗಳು ಹೊಟ್ಟೆಯ ಕೆಳಗೆ ಸುಲಭವಾಗಿ ಬಂದು ಭಾರ ಹೊರುತ್ತವೆ. ಆರು ವರ್ಷಕ್ಕೆ ಗಂಡು ಸುಮಾರು 160 ಸೆಂ.ಮೀ., ಹೆಣ್ಣು 155 ಸೆಂ.ಮೀ. ಎತ್ತರವಿರಬೇಕೆಂಬುದು ತಳಿಯ ಮಾನದಂಡ. ನನ್ನಂಥ ಗಿಡ್ಡ ಕಾಲಿನವನಿಗೆ ಇದು ವರ. ನಿಂತಲ್ಲೇ ದುಲಕಿ ಹಾಕುವ ಪಿಯಾಫೆಯನ್ನು ನಾನು ಮೊದಲ ಬಾರಿ ಅನುಭವಿಸಿದ್ದು ಇದರ ಮೇಲೆಯೇ. ಎರಡೂ ತೊಡೆಗಳ ಕೆಳಗೆ ಕುದಿಯುವ ಅನ್ನದ ಮಡಕೆ ಇದ್ದಂತೆ ಬೆನ್ನು ಏರಿಳಿಯಿತೇ ಹೊರತು ಒಂದು ಹೆಜ್ಜೆಯೂ ಮುಂದಕ್ಕೆ ಹೋಗಲಿಲ್ಲ.

ಪೋರ್ಚುಗೀಸರು ಮತ್ತು ಕುದುರೆ ಎಂದೊಡನೆ ಕನ್ನಡಿಗರಿಗೆ ವಿಜಯನಗರ ನೆನಪಾಗುತ್ತದೆ. ಆದರೆ ಅವರು ಗೋವೆಯ ಮೂಲಕ ಮಾರಿದ್ದು ಹೋರ್ಮುಜ್ ಕಡೆಯಿಂದ ತಂದ ಅರಬ್ಬಿ, ಪಾರಸಿ ಕುದುರೆಗಳನ್ನು, ತಮ್ಮ ಮನೆಯದನ್ನಲ್ಲ. ಮನೆಯ ಕುದುರೆಗಾಗಿ ಬ್ರಗಾಂಸಾ ರಾಜಮನೆತನ 1748ರಲ್ಲಿ ಆಲ್ಟರ್ ಸಂವರ್ಧನಾ ಕೇಂದ್ರವನ್ನು ಸ್ಥಾಪಿಸಿತು. ನೆಪೋಲಿಯನ್ನನ ಸೇನೆಯ ಲೂಟಿಯಿಂದ ಅದು ಬಹುತೇಕ ಬರಿದಾಯಿತು. ಅಲ್ಲಿನ ಕಂದು ಕುದುರೆಗಳೇ ಇಂದು, 1979ರಲ್ಲಿ ಆರಂಭವಾದ ಪೋರ್ಚುಗೀಸ್ ಅಶ್ವಕಲಾ ಶಾಲೆಯಲ್ಲಿ 18ನೆಯ ಶತಮಾನದ ಉಡುಪು ತೊಟ್ಟ ಸವಾರರನ್ನು ಹೊತ್ತು ಆಡುತ್ತವೆ.

ಆಂಡಲೂಸಿಯನ್ ನೋಡುವುದಕ್ಕೆ ಇನ್ನೂ ಸೊಗಸು. 1567ರಲ್ಲಿ ಸ್ಪೇನಿನ ದೊರೆ ಎರಡನೆಯ ಫಿಲಿಪ್ ಕೊರ್ದೊಬಾದಲ್ಲಿ ರಾಜಲಾಯ ಕಟ್ಟಿಸಿ ರೂಪಿಸಿದ ಕುದುರೆಯಲ್ಲವೇ, ಮೆರವಣಿಗೆಯ ಗತ್ತು ಅದರ ಮೂಳೆಯಲ್ಲಿದೆ. ಮುಂಗಾಲು ಎತ್ತಿ ಹೊರಕ್ಕೆ ಬೀಸುತ್ತ ನಡೆಯುವಾಗ ದಾರಿಹೋಕರು ನಿಂತು ನೋಡುತ್ತಾರೆ; ಮೇಲೆ ಕೂತವನಿಗೆ ಮಾತ್ರ ಆ ಎತ್ತರದ ಹೆಜ್ಜೆಯಲ್ಲಿ ಮುಂದೊತ್ತುವ ಹಂಬಲ ಕಡಿಮೆ ಎನಿಸುತ್ತದೆ. ನಾನು ಏರಿದ ಮೂರರಲ್ಲಿ ಎರಡು ಬಹಳ ಸಾಧು, ಒಂದಂತೂ ಆಲಸಿ. ಮೂರು ಕುದುರೆಗಳಿಂದ ತಳಿಯನ್ನು ಅಳೆಯಬಾರದೆಂಬುದು ನಿಜ, ಆದರೂ ಹಿಮ್ಮಡಿ ಒತ್ತಿ ಒತ್ತಿ ಮೀನಖಂಡ ನೋವು ಬಂದದ್ದೂ ನಿಜ.

ಲಿಪಿಜಾನರ್ ಬೇರೆಯದೇ ಲೋಕ. ಆಸ್ಟ್ರಿಯಾದ ಆರ್ಚ್‌ಡ್ಯೂಕ್ ಎರಡನೆಯ ಕಾರ್ಲ್ 1580ರಲ್ಲಿ ಟ್ರಿಯೆಸ್ಟೆಯ ಬಳಿಯ ಸುಣ್ಣಕಲ್ಲಿನ ಬೆಟ್ಟದ ಬಯಲಿನಲ್ಲಿ, ಇದೇ ಲಿಪಿತ್ಸಾದಲ್ಲಿ, ಆರಂಭಿಸಿದ ಲಾಯಕ್ಕೆ ಸ್ಪೇನಿನ ಕುದುರೆಗಳನ್ನು ತರಿಸಿದ. ಮುಂದೆ ನೇಪಲ್ಸಿನ, ಡೆನ್ಮಾರ್ಕಿನ, ಕೊನೆಗೆ ಅರಬ್ಬಿ ರಕ್ತವೂ ಸೇರಿತು. ಪ್ಲೂಟೊ, ಕೊನ್ವರ್ಸಾನೊ, ನಿಯಾಪೊಲಿಟಾನೊ, ಫೇವರಿ, ಮೈಸ್ತೋಸೊ, ಸಿಗ್ಲಾವಿ ಎಂಬ ಆರು ಗಂಡು ವಂಶಗಳನ್ನು ನಮ್ಮ ಗೋತ್ರಗಳಂತೆ ಇಂದಿಗೂ ಎಣಿಸುತ್ತಾರೆ. ಮರಿಗಳು ಹುಟ್ಟುವಾಗ ಕಪ್ಪಗೋ ಕಂದಾಗಿಯೋ ಇರುತ್ತವೆ, ಬೆಳ್ಳಗಾಗುವುದಕ್ಕೆ ಆರರಿಂದ ಹತ್ತು ವರ್ಷ ಬೇಕು. ಬುದ್ಧಿಯೂ ದೇಹವೂ ಅಷ್ಟೇ ನಿಧಾನವಾಗಿ ಬಲಿಯುತ್ತವೆ; ಪ್ರತಿಯಾಗಿ ಇಪ್ಪತ್ತು ದಾಟಿದರೂ ದುಡಿಯುವ ಕುದುರೆಗಳಿವೆ. ನನಗೆ ಕೊಟ್ಟದ್ದು ಹತ್ತೊಂಬತ್ತು ವರ್ಷದ ಗಂಡು. ಅಗಲವಾದ ಬೆನ್ನು, ಗಿಡ್ಡ ಗಟ್ಟಿ ಕಾಲು, ಕಲ್ಲಿನಂಥ ಗೊರಸು. ನಾನು ತಪ್ಪು ಕೂತರೆ ಲುಸಿಟಾನೊ ಆ ತಪ್ಪನ್ನೂ ಆಜ್ಞೆಯೆಂದು ಪಾಲಿಸುತ್ತದೆ. ಈ ಮುದುಕ ಸುಮ್ಮನೆ ನಿಂತುಬಿಡುತ್ತಿದ್ದ. ಬೆನ್ನು ನೆಟ್ಟಗಾಗಿ ಎರಡೂ ಕೂರುಮೂಳೆಗಳ ಮೇಲೆ ಸಮನಾಗಿ ಭಾರ ಬಿದ್ದ ಮೇಲೆಯೇ ಮುಂದಿನ ಹೆಜ್ಜೆ. ಹತ್ತು ದಿನಗಳಲ್ಲಿ ನನ್ನ ಕೂರುವಿಕೆ ಸುಧಾರಿಸಿದಷ್ಟು ಲಿಸ್ಬನ್ನಿನ ಮೊದಲ ವರ್ಷದಲ್ಲಿಯೂ ಸುಧಾರಿಸಿರಲಿಲ್ಲ.

ಕಲಿಕೆಗೆ ಯಾವುದು ಮೇಲು ಎಂದು ಕೇಳಿದರೆ ಹಿಂಜರಿಯದೆ ಲಿಪಿಜಾನರ್ ಎನ್ನುತ್ತೇನೆ. ಕಣ್ಣಿಗೆ ಹಬ್ಬ ಬೇಕಿದ್ದವರು ಹೆರೆಸ್‌ಗೆ ಹೋಗಲಿ. ಆದರೆ ಪ್ರತಿ ವಾರ ಏರಬೇಕಾದ ಕುದುರೆಯನ್ನು ಆರಿಸುವ ಹೊತ್ತು ಬಂದಾಗ ನಾನು ವಾರಕ್ಕೆ ಎರಡು ದಿನದ ಬಾಡಿಗೆಗೆ ಪಡೆದದ್ದು ಹನ್ನೆರಡು ವರ್ಷದ ಕಂದು ಲುಸಿಟಾನೊವನ್ನು, ಅದೂ ಬೀಜ ತೆಗೆದದ್ದನ್ನು, ಏಕೆಂದರೆ ಹೆಣ್ಣು ಕುದುರೆಯ ವಾಸನೆ ಬಂದಾಗ ಗಂಡಿನ ಗಮನವನ್ನು ಮರಳಿ ಎಳೆದು ತರುವಷ್ಟು ಕೈ ನನಗಿಲ್ಲ. ಮೂಲೆ ತಲುಪುವ ಮೊದಲೇ ಆ ಕಡೆ ನೋಡುವ ನನ್ನ ಚಟ ಇನ್ನೂ ಹೋಗಿಲ್ಲ. ಹಾಗಾಗಿ ಅದೂ ಮೂಲೆಗೆ ಎರಡು ಮಾರು ಮೊದಲೇ ತಿರುಗುತ್ತದೆ.